ಕಪಾಟಿನಲ್ಲಿರುವ ಜ್ಯೂಸ್ ಡಬ್ಬ



ಕನ್ನಡ ತರಗತಿಯ ಅನುಭವದ ಬಗ್ಗೆ ಎರಡು ಮಾತು ಹೇಳು ಎಂದಿದ್ದಾರೆ. ನನ್ನ ಅನುಭವದಲ್ಲಿ ಒಂದು ಕಾಯಿಲೆಯೂ ಸೇರಿಕೊಂಡಿದೆ. ಅದನ್ನು ಬಿಟ್ಟು ಹೇಳಲು ನನಗೆ ಬರುವುದಿಲ್ಲ.

ನನಗೆ ಟೈಪ್ 1 ಡಯಾಬಿಟೀಸ್ ಇದೆ. ಗೊತ್ತಾದಾಗ ಒಂಬತ್ತು ವರ್ಷ. ಸೆಪ್ಟೆಂಬರ್ ತಿಂಗಳು. ಬಾಟಲಿಗಟ್ಟಲೆ ನೀರು ಕುಡಿಯುತ್ತಿದ್ದೆ. ಬಹರೈನಿನ ಸೆಕೆಗೆ ಮಕ್ಕಳು ನೀರು ಕುಡಿಯದೆ ಇನ್ನೇನು ಮಾಡುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ರಾತ್ರಿ ಮೂರು ನಾಲ್ಕು ಸಲ ಬಾತ್‌ರೂಮಿಗೆ ಏಳುತ್ತಿದ್ದೆ, ಅಷ್ಟು ನೀರು ಕುಡಿದರೆ ಏಳಲೇಬೇಕಲ್ಲ ಎಂದರು. ಯೂನಿಫಾರ್ಮ್ ಸಡಿಲವಾಯಿತು, ಎತ್ತರ ಬೆಳೆಯುತ್ತಿದ್ದಾಳೆ ಎಂದರು. ಸೆಕೆಯ ಊರಿನಲ್ಲಿ ಈ ಕಾಯಿಲೆ ಹೀಗೆ ಅಡಗಿಕೊಳ್ಳುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು, ಸುಸ್ತು ಒಟ್ಟಿಗೆ ಕಂಡರೆ ದಯವಿಟ್ಟು ಅದೇ ದಿನ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ತಡವಾದರೆ ಮಗು ಐಸಿಯು ಸೇರಬೇಕಾಗುತ್ತದೆ. ನಾನು ಸೇರಿದ್ದೆ.

ಊರಿನಿಂದ ಅಜ್ಜಿ ಫೋನ್ ಮಾಡಿ, "ಇಷ್ಟು ಸಣ್ಣ ಮಗುವಿಗೆ ಶುಗರಾ? ಚಾಕಲೇಟು ಜಾಸ್ತಿ ಕೊಟ್ಟಿಯಾ?" ಎಂದು ಕೇಳಿದರು. ಅಮ್ಮ ಅವತ್ತು ತುಂಬಾ ಅತ್ತರು. ಚಾಕಲೇಟಿಗೂ ಇದಕ್ಕೂ ಸಂಬಂಧವಿಲ್ಲ. ರೋಗದ ವಿರುದ್ಧ ಹೋರಾಡಬೇಕಾದ ನಮ್ಮ ದೇಹದ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅದಕ್ಕೆ ಮೊದಲು ನನ್ನಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಊಟಕ್ಕೆ ಮೊದಲು ಸೂಜಿ ಹಿಡಿದಾಗ ಕೆಲವೊಮ್ಮೆ ಅವನ ನೆನಪಾಗುತ್ತದೆ.

ವಾರದ ಶಾಲೆಯಲ್ಲಿ ನರ್ಸ್ ಇರುತ್ತಾರೆ. ಇಲ್ಲಿ ಶುಕ್ರವಾರ ಇರುವವರು ತಮ್ಮ ರಜೆ ಬಿಟ್ಟು ಬರುವ ಟೀಚರ್‌ಗಳು ಮಾತ್ರ. ನಾನು ಸೇರಿದ ಎರಡನೇ ವರ್ಷ ಒಂದು ದಿನ ಉಕ್ತಲೇಖನ ಇತ್ತು. ಒತ್ತು ಎಲ್ಲಿ ಹಾಕಬೇಕೆಂದೇ ಹೊಳೆಯಲಿಲ್ಲ. ಕೈ ನಡುಗುತ್ತಿತ್ತು, ಏಸಿ ಇದ್ದರೂ ಬೆವರು. "ಓದಿಕೊಂಡು ಬಂದಿಲ್ಲ ಅಲ್ವಾ?" ಎಂದರು ಟೀಚರ್. ನಾನು ಸಿಟ್ಟಿನಿಂದ ಪೆನ್ಸಿಲ್ ಎಸೆದೆ. ಸಕ್ಕರೆ ಇಳಿದಾಗ ಸಿಟ್ಟೂ ಬರುತ್ತದೆ. (ನನ್ನ ಎಲ್ಲ ಸಿಟ್ಟಿಗೂ ಅದೇ ಕಾರಣ ಅಲ್ಲ, ಅಮ್ಮ ಇಲ್ಲೇ ಕೂತಿದ್ದಾರೆ.) ಪಕ್ಕದ ಗೆಳತಿ ನನ್ನ ಬ್ಯಾಗಿನಿಂದ ಜ್ಯೂಸ್ ತೆಗೆದು ಕೊಟ್ಟಳು. ಮೀಟರ್‌ನಲ್ಲಿ 52 ಇತ್ತು. 70ಕ್ಕಿಂತ ಕೆಳಗೆ ಹೋಗಬಾರದು.

ಮುಂದಿನ ಶುಕ್ರವಾರ ಅದೇ ಟೀಚರ್ ಅಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು ಎಲ್ಲ ಕೇಳಿ ಬರೆದುಕೊಂಡರು. ಆ ಹಾಳೆ ಈಗಲೂ ಕಪಾಟಿನ ಬಾಗಿಲಿನ ಒಳಗಡೆ ಇದೆ. ಮಗು ಬೆವರಿದರೆ, ನಡುಗಿದರೆ, ಏನೇನೋ ಉತ್ತರ ಕೊಟ್ಟರೆ ಅಲ್ಲೇ ಕೂರಿಸಿ. ಸಣ್ಣ ಪ್ಯಾಕೆಟ್ ಜ್ಯೂಸ್ ಕೊಡಿ, ಇಲ್ಲದಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, ಒಂದು ಬದಿಗೆ ಮಲಗಿಸಿ 999ಕ್ಕೆ ಫೋನ್ ಮಾಡಿ.

"ಒಬ್ಬಳನ್ನೇ ಎಲ್ಲಿಗೂ ಕಳಿಸಬೇಡಿ" ಎಂಬ ಸಾಲು ನಾನು ಕೇಳಿ ಬರೆಸಿದ್ದು. ಮೊದಲು ಓದುತ್ತಿದ್ದ ಶಾಲೆಯಲ್ಲಿ ತಲೆ ಸುತ್ತುತ್ತದೆ ಎಂದಾಗ ನರ್ಸ್ ರೂಮಿಗೆ ಹೋಗು ಎಂದಿದ್ದರು. ಎರಡು ಮಹಡಿ ಕೆಳಗೆ. ಮೆಟ್ಟಿಲಿನ ಮೇಲೆ ಕುಳಿತದ್ದು ನೆನಪಿದೆ, ಯಾರು ಎಬ್ಬಿಸಿದರು ಎನ್ನುವುದು ನೆನಪಿಲ್ಲ.

ಇನ್ನೊಂದು ಮಾತು. ಚೌತಿಯ ಪಂಚಕಜ್ಜಾಯ ಹಂಚುವಾಗ "ನಿನಗೆ ಬೇಡ ಅಲ್ವಾ ಮಗಾ" ಎಂದು ನನ್ನನ್ನು ದಾಟಿ ಹೋಗುತ್ತಿದ್ದರು. ಪ್ರೀತಿಯಿಂದಲೇ. ಆದರೆ ಸೂಜಿಗಿಂತ ಅದು ಹೆಚ್ಚು ನೋಯುತ್ತದೆ. ಅಷ್ಟು ತಿನ್ನಲು ಎಷ್ಟು ಇನ್ಸುಲಿನ್ ಬೇಕೆಂದು ನಾನು ಲೆಕ್ಕ ಹಾಕಬಲ್ಲೆ. ನನ್ನ ಗಣಿತದ ಅಂಕ ಬೇಕಾದರೆ ನೋಡಿ.

ನವೆಂಬರ್ 14 ನಮಗೆ ಮಕ್ಕಳ ದಿನಾಚರಣೆ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದೂ ಅದೇ ದಿನ, ಹಾಗಾಗಿ ವಿಶ್ವ ಮಧುಮೇಹ ದಿನವೂ ಅದೇ. ಪ್ರತಿ ವರ್ಷ ಆ ದಿನ ಹೊಸ ಟೀಚರ್‌ಗಳು ಆ ಹಾಳೆಯನ್ನು ಒಮ್ಮೆ ಓದಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.

ನಾನು ಇವತ್ತು ಹೊರಡುತ್ತಿದ್ದೇನೆ. ಆದರೆ ಚಿಕ್ಕವರ ತರಗತಿಗೆ ಈ ವರ್ಷ ನನ್ನಂಥದೇ ಇನ್ನೊಂದು ಮಗು ಸೇರಿದೆ. ನನ್ನ ಡಬ್ಬ ಅವನಿಗೆ. ಕಪಾಟಿನ ಎರಡನೇ ಖಾನೆಯಲ್ಲಿದೆ, ಕೀಲಿ ಹಾಕಬೇಡಿ. ಒಳಗಿರುವ ಜ್ಯೂಸ್ ಡಿಸೆಂಬರ್‌ವರೆಗೆ ಬರುತ್ತದೆ, ಆಮೇಲೆ ಬದಲಾಯಿಸಬೇಕು.