ಕಂಠಕ್ಕೆ ತಕ್ಕ ಹಾಡು
(ಕೂಟದ ಸಂಸ್ಥಾಪನಾ ದಿನದಂದು ಬ್ರಿಡ್ಜ್‌ವಾಟರ್‌ನಲ್ಲಿ ಮಾಡಿದ ಭಾಷಣದ ಬರಹರೂಪ)



ಕನ್ನಡ ಕೂಟದ ಹಬ್ಬದಲ್ಲಿ ಇಂಗ್ಲಿಷ್ ಹಾಡಿನ ಮಾತೇ ಎಂದು ಹುಬ್ಬೇರಿಸಬೇಡಿ. ಇಲ್ಲಿನ ನಮ್ಮ ಮನೆಗಳ ಬೇಸ್‌ಮೆಂಟಿನಲ್ಲಿ ಊಟ ಮುಗಿದು ಕರೋಕೆ ಶುರುವಾದರೆ ಹೆಂಗಸರೂ ಮಕ್ಕಳೂ ಮೈಕಿಗೆ ಮುಗಿಬೀಳುತ್ತಾರೆ. ಐವತ್ತರ ಆಸುಪಾಸಿನ ನಾವು ಗಂಡಸರು ಮಾತ್ರ ಮೊಸರನ್ನದ ತಟ್ಟೆ ಹಿಡಿದು ಗೋಡೆಗೆ ಒರಗುತ್ತೇವೆ. "ಅಪ್ಪಾ, ನಮಗೂ ಗೊತ್ತಿರೋ ಹಾಡು ಒಂದು ಹಾಡು" ಎನ್ನುತ್ತಾರೆ ಮಕ್ಕಳು. ಈ ಕರೆಗೆ ಓಗೊಡುವುದು ಹೇಗೆ?

ಕರೋಕೆ ಎಂದರೆ ಜಪಾನಿ ಭಾಷೆಯಲ್ಲಿ 'ಖಾಲಿ ವಾದ್ಯವೃಂದ'. ಕೋಬೆ ನಗರದ ಬಾರುಗಳಲ್ಲಿ ಹವ್ಯಾಸಿಗಳ ಹಾಡಿಗೆ ವಾದ್ಯ ನುಡಿಸುತ್ತಿದ್ದ ಡೈಸುಕೆ ಇನೌಯೆ 1971ರಲ್ಲಿ ಇಂಥ ಯಂತ್ರ ತಯಾರಿಸಿದರು. ಅದು ಹುಟ್ಟಿದ್ದು ವಿದ್ವಾಂಸರಿಗಲ್ಲ, ದುಡಿದು ದಣಿದ ನಮ್ಮಂಥವರಿಗೆ.

ಮೊದಲನೆಯ ಮಾತು: ಹಾಡಿನ ಕೀರ್ತಿ ನೋಡಬೇಡಿ, ನಿಮ್ಮ ಶ್ರುತಿ ನೋಡಿ. ಸೇರ್‌ವಿಲ್‌ನಲ್ಲಿ ಬೆಳೆದ ಜಾನ್ ಬಾನ್ ಜೋವಿಯವರ 'ಲಿವಿನ್ ಆನ್ ಎ ಪ್ರೇಯರ್' (1986) ನಮ್ಮ ನ್ಯೂಜೆರ್ಸಿಯ ಹೆಮ್ಮೆಯೇ ಸರಿ. ಆದರೆ ಮೊದಲೇ ತಾರಸ್ಥಾಯಿಯಲ್ಲಿರುವ ಆ ಪಲ್ಲವಿ ಕೊನೆಯಲ್ಲಿ ಇನ್ನೂ ಮೂರು ಸ್ವರಸ್ಥಾನ ಮೇಲಕ್ಕೆ ಜಿಗಿಯುತ್ತದೆ. ನಮ್ಮ ಗಂಟಲು ಕೈಕೊಡುವುದು ಅಲ್ಲೇ. ಹೊಬೋಕನ್‌ನಲ್ಲಿ ಹುಟ್ಟಿದ ಫ್ರಾಂಕ್ ಸಿನಾತ್ರಾರ 'ಮೈ ವೇ' (1969) ಮಾತನಾಡಿದಂತೆ ತಗ್ಗಿನಲ್ಲಿ ಆರಂಭವಾಗಿ ಕೊನೆಗೆ ಏರುತ್ತದೆ. ಆದ್ದರಿಂದ ಮೊದಲು ಕೊನೆಯ ಸಾಲನ್ನೇ ಹಾಡಿ ನೋಡಿ. ನಿಲುಕದಿದ್ದರೆ ಶ್ರುತಿ ಇಳಿಸುವ ಗುಂಡಿ ಒತ್ತಿ. ಅದರಲ್ಲಿ ಅವಮಾನವೇನಿಲ್ಲ, ನಮ್ಮ ನಾಟಕದ ಹಾರ್ಮೋನಿಯಂ ಮೇಷ್ಟರೂ ನಟನ ಕಂಠ ನೋಡಿಯೇ ಶ್ರುತಿ ಹಿಡಿಯುತ್ತಿದ್ದರು.

ಎರಡನೆಯದು: ಪದಗಳು ನಿಧಾನವಾಗಿರಲಿ, ಪಲ್ಲವಿಗೆ ಎಲ್ಲರೂ ದನಿಗೂಡಿಸುವಂತಿರಲಿ. ಹ್ಯಾರಿ ಬೆಲಫಾಂಟೆಯವರ 'ಜಮೈಕಾ ಫೇರ್‌ವೆಲ್' (1956), ಜಾನ್ ಡೆನ್ವರ್‌ರ 'ಕಂಟ್ರಿ ರೋಡ್ಸ್' (1971) ಇಂಥವು. ಎರಡೂ ದೂರವಾದ ಊರನ್ನು ನೆನೆಯುವ ಹಾಡುಗಳು. ಆ ಭಾವವನ್ನು ನಮಗೆ ಯಾರೂ ಕಲಿಸಬೇಕಿಲ್ಲ.

ಮೂರನೆಯದು ಉಚ್ಚಾರಣೆ. ಅಮೆರಿಕನ್ನರ ಅನುಕರಣೆ ಬೇಡ. ಬಾಲ್ಯದಲ್ಲೇ ಶಾಲೆ ಬಿಟ್ಟ ನಮ್ಮ ಡಾ. ರಾಜ್‌ಕುಮಾರ್ ತಮ್ಮ ಚಿತ್ರಗಳಿಗೆ ತಾವೇ ಹಾಡುವುದು ರೂಢಿಯಾದದ್ದು 1974ರ 'ಸಂಪತ್ತಿಗೆ ಸವಾಲ್'ನಿಂದ, ನಲವತ್ತೈದರ ವಯಸ್ಸಿನಲ್ಲಿ. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಅವರು ಇಂಗ್ಲಿಷ್ ಹಾಡನ್ನೇ ಹಾಡಿದರು. ಯಾವ ಹಾಡೆಂದು ಈ ಸಭೆಗೆ ಹೇಳಬೇಕಿಲ್ಲ! ತಮ್ಮದೇ ದನಿಯಲ್ಲಿ, ಸಂಕೋಚವಿಲ್ಲದೆ ಹಾಡಿದ್ದರಿಂದಲೇ ಅದು ಇಂದಿಗೂ ಉಳಿದಿದೆ.

ಬಂಧುಗಳೇ, ರಾಜ್ಯೋತ್ಸವ ಬಂದರೆ ನಾವು ಮಕ್ಕಳನ್ನು ವೇದಿಕೆ ಹತ್ತಿಸುತ್ತೇವೆ. ನಾಲಿಗೆ ಹೊರಳದ 'ಳ'ಕಾರವನ್ನು ತಿದ್ದಿ ತಿದ್ದಿ ಹಾಡಿಸುತ್ತೇವೆ. ಅವರು ಹೆದರಿಕೆ ನುಂಗಿಕೊಂಡು ಹಾಡುತ್ತಾರೆ. ಪರರ ನುಡಿಯಲ್ಲಿ ಎಲ್ಲರೆದುರು ತಡವರಿಸುವುದು ಏನೆಂದು ಅಪ್ಪನಿಗೂ ಗೊತ್ತು ಎಂಬುದನ್ನು ಮಕ್ಕಳು ಒಮ್ಮೆ ಕಣ್ಣಾರೆ ನೋಡಲಿ. ಇಂದು ಅವರ ಹಾಡಿಗೆ ನಾವು ಬಾಯಿ ಬಿಟ್ಟರೆ, ನಾಳೆ ನಮ್ಮ ಹಾಡಿಗೆ ಅವರನ್ನು ಕರೆಯುವ ಮುಖ ನಮಗಿರುತ್ತದೆ. ಕನ್ನಡ ಉಳಿಸುವ ದಾರಿಗಳಲ್ಲಿ ಇದೂ ಒಂದು ಎಂದು ನಾವು ನಂಬಿದ್ದೇವೆ.

ಸಿರಿಗನ್ನಡಂ ಗೆಲ್ಗೆ!