ಗೆದ್ದದ್ದು ಇದೇ ಕಾರೆ?

ಹಳೆಯ ಕಾರೊಂದರ ಸುತ್ತ ಜನ ಸೇರಿದರೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಕೇಳಿಬರುತ್ತವೆ. ಇದು ಎಷ್ಟು ಹಳೆಯದು? ಇದರ ಬೆಲೆ ಎಷ್ಟು? ಕಾರು ಹಿಂದೊಮ್ಮೆ ರೇಸಿನಲ್ಲಿ ಓಡಿದ್ದಾದರೆ ಮೂರನೆಯ ಪ್ರಶ್ನೆಯೂ ಹುಟ್ಟುತ್ತದೆ: ಅಂದು ಗೆದ್ದದ್ದು ಇದೇ ಕಾರೆ? ಕೇಳಲು ಸುಲಭ, ಉತ್ತರಿಸಲು ಬಲು ಕಷ್ಟ. 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟು ಈ ಪ್ರಶ್ನೆಯನ್ನು ಎದುರಿಸಬೇಕಾಗಿ ಬಂತು. ನ್ಯಾಯಾಲಯ ಕೊಟ್ಟ ಉತ್ತರ ಕಾರುಗಳ ಹುಚ್ಚಿಲ್ಲದವರೂ ತಿಳಿಯತಕ್ಕಂಥದು. ಏಕೆಂದರೆ ಹಳೆಯ ವಸ್ತುವೊಂದನ್ನು 'ಅಸಲಿ' ಎಂದು ಕರೆಯುವಾಗ ನಿಜಕ್ಕೂ ಏನನ್ನು ಹೇಳುತ್ತೇವೆ ಎಂಬ ದೊಡ್ಡ ಪ್ರಶ್ನೆ ಅದರೊಳಗಿದೆ.

ಆ ಕಾರು ಬೆಂಟ್ಲಿ ಕಂಪನಿಯ 'ಸ್ಪೀಡ್ ಸಿಕ್ಸ್'. ಆರು ಸಿಲಿಂಡರುಗಳ, ಆರೂವರೆ ಲೀಟರಿನ ಭಾರಿ ಎಂಜಿನ್. ಫ್ರಾನ್ಸಿನ ಲೆ ಮಾನ್ಸ್ ಪಟ್ಟಣದಲ್ಲಿ 24 ಗಂಟೆ ಎಡೆಬಿಡದೆ ನಡೆಯುವ ರೇಸು ಜಗತ್ಪ್ರಸಿದ್ಧ. 1929ರಲ್ಲಿ ಅಲ್ಲಿ ಒಂದನೇ ನಂಬರು ಹೊತ್ತು ಓಡಿದ ಈ ಕಾರನ್ನು ವುಲ್ಫ್ ಬಾರ್ನಾಟೊ ಮತ್ತು ಟಿಮ್ ಬರ್ಕಿನ್ ಗೆಲ್ಲಿಸಿದರು. ಮೊದಲ ನಾಲ್ಕು ಸ್ಥಾನಗಳೂ ಆ ವರ್ಷ ಬೆಂಟ್ಲಿ ಕಾರುಗಳ ಪಾಲಾದವು. ಮರುವರ್ಷ, 1930ರಲ್ಲಿ, ಬಾರ್ನಾಟೊ ಮತ್ತು ಗ್ಲೆನ್ ಕಿಡ್‌ಸ್ಟನ್ ಅದೇ ಕಾರಿನಲ್ಲಿ ಮತ್ತೆ ಗೆದ್ದರು. ಒಂದೇ ಕಾರು ಸತತ ಎರಡು ವರ್ಷ ಲೆ ಮಾನ್ಸ್ ಗೆದ್ದದ್ದು ಅದೇ ಮೊದಲು. ಅಭಿಮಾನಿಗಳು ಅದಕ್ಕೆ 'ಓಲ್ಡ್ ನಂಬರ್ ವನ್' ಎಂದು ಹೆಸರಿಟ್ಟರು.

ಕಥೆ ಇಲ್ಲಿಗೇ ನಿಂತಿದ್ದರೆ ಕೋರ್ಟಿಗೆ ಕೆಲಸವಿರುತ್ತಿರಲಿಲ್ಲ. 1930ರ ಗೆಲುವಿನ ನಂತರ ಬೆಂಟ್ಲಿ ಕಂಪನಿ ರೇಸಿನಿಂದ ಹಿಂದೆ ಸರಿಯಿತು. 1931ರಲ್ಲಿ ಕಂಪನಿಯೇ ರೋಲ್ಸ್ ರಾಯ್ಸ್ ಕೈಸೇರಿತು. ಆದರೆ ಕಾರು ಓಡುವುದನ್ನು ನಿಲ್ಲಿಸಲಿಲ್ಲ. 1932ರ ಹೊತ್ತಿಗೆ ಅದಕ್ಕೆ ಬೇರೆ ಷಾಸಿ ಬಂತು, ಎಂಟು ಲೀಟರಿನ ಬೇರೆ ಎಂಜಿನ್ ಬಂತು. ಆ ಸೆಪ್ಟೆಂಬರ್‌ನಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ 500 ಮೈಲಿಗಳ ರೇಸು. 1907ರಲ್ಲಿ ಕಟ್ಟಿದ ಆ ಕಾಂಕ್ರೀಟ್ ಪಥದ ತಿರುವುಗಳು ಬಾಣಲೆಯ ಅಂಚಿನಂತೆ ಮೇಲಕ್ಕೆ ಏರಿರುತ್ತಿದ್ದವು. ಮುಂದಿದ್ದ ಕಾರನ್ನು ಹಿಂದೆ ಹಾಕುವ ಭರದಲ್ಲಿ ಕ್ಲೈವ್ ಡನ್‌ಫೀ ಎಂಬ ಯುವಕ ಓಡಿಸುತ್ತಿದ್ದ ಬೆಂಟ್ಲಿಯ ಗಾಲಿ ಅಂಚನ್ನು ದಾಟಿತು. ಕಾರು ಪಥದಿಂದ ಆಚೆಗೆ ಹಾರಿತು. ಡನ್‌ಫೀ ಬದುಕಲಿಲ್ಲ. ಆ ದಿನ ಅದೇ ಕಾರನ್ನು ಸರದಿಯ ಮೇಲೆ ಓಡಿಸಲು ಬಂದಿದ್ದವರು ಅವರ ಅಣ್ಣತಮ್ಮಂದಿರಲ್ಲೇ ಒಬ್ಬರಾದ ಜ್ಯಾಕ್ ಡನ್‌ಫೀ. ಮುಂದೆ ಬಾರ್ನಾಟೊ ಆ ಕಾರನ್ನು ರಿಪೇರಿ ಮಾಡಿಸಿ, ಮೇಲೆ ಹೊಸ ಬಾಡಿ ಕಟ್ಟಿಸಿ, ರಸ್ತೆಯ ಮೇಲೆ ಓಡಿಸುವ ಕಾರಾಗಿ ಮಾರ್ಪಡಿಸಿದರು.

1990ರ ಏಪ್ರಿಲ್‌ನಲ್ಲಿ ಈ ಕಾರನ್ನು ಒಂದು ಕೋಟಿ ಪೌಂಡ್‌ಗೆ ಕೊಳ್ಳಲು ಒಂದು ಕಂಪನಿ ಒಪ್ಪಿಕೊಂಡಿತು. ಆಮೇಲೆ ಹಿಂಜರಿಯಿತು. "ಲೆ ಮಾನ್ಸ್ ಗೆದ್ದ ಕಾರಿನ ಷಾಸಿ ಇದರಲ್ಲಿಲ್ಲ, ಎಂಜಿನ್ ಇಲ್ಲ, ಬಾಡಿಯಂತೂ ಇಲ್ಲವೇ ಇಲ್ಲ. ಹಾಗಾದರೆ ಇದು ಓಲ್ಡ್ ನಂಬರ್ ವನ್ ಹೇಗಾದೀತು?" ಎಂಬುದು ಕೊಳ್ಳುವವರ ವಾದ. ಮಾರುವವರು ಕೋರ್ಟಿಗೆ ಹೋದರು.

ವಾದದಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. ನ್ಯಾಯಮೂರ್ತಿ ಆಟನ್ ಅವರು ಕಾರಿನ ಭಾಗಗಳ ಲೆಕ್ಕವನ್ನು ಒಂದೊಂದಾಗಿ ನೋಡಿದರು. 1929ರ ಕಾರಿನದ್ದು ಎನ್ನಬಹುದಾದ್ದು ಏನೂ ಇಲ್ಲ, ಅಥವಾ ಕಾಲ ಗುರುತಿಸಲಾಗದ ಸಣ್ಣಪುಟ್ಟ ಸಾಮಾನುಗಳಷ್ಟೇ. 1930ರ ಕಾರಿನಿಂದ ಉಳಿದದ್ದು ಪೆಡಲುಗಳ ದಂಡ, ಗೇರ್ ಬಾಕ್ಸಿನ ಹೊರಕವಚ ಮತ್ತು ಸ್ಟೀರಿಂಗ್ ಕಂಬ. ಷಾಸಿ ಮತ್ತು ಎಂಜಿನ್ 1932ರವು. ಇಷ್ಟನ್ನು ಒಪ್ಪಿಕೊಂಡ ಮೇಲೂ ಅವರು ಮಾರುವವರ ಪರವಾಗಿಯೇ ತೀರ್ಪು ಕೊಟ್ಟರು. ಇದು ಹೇಗೆ ಸಾಧ್ಯ?

ಉತ್ತರ ರೇಸು ಕಾರಿನ ಬದುಕಿನಲ್ಲೇ ಇದೆ. ಅದನ್ನು ಯಾರೂ ಜೋಪಾನವಾಗಿಡಲು ಕಟ್ಟುವುದಿಲ್ಲ, ಗೆಲ್ಲಲು ಕಟ್ಟುತ್ತಾರೆ. ಒಂದು ರೇಸು ಮುಗಿದರೆ ಎಂಜಿನ್ ಬಿಚ್ಚುತ್ತಾರೆ. ಸವೆದದ್ದನ್ನು ಎಸೆಯುತ್ತಾರೆ. ಬಾಗಿದ ಅಚ್ಚಿನ ಬದಲು ಹೊಸ ಅಚ್ಚು, ಒಡೆದ ಗೇರ್ ಬಾಕ್ಸಿನ ಬದಲು ಪಕ್ಕದ ಕಾರಿನದ್ದು. ಕಳೆದ ವರ್ಷ ಗೆದ್ದ ಕಾರು ಈ ವರ್ಷವೂ ಗೆಲ್ಲಬೇಕಾದರೆ ಅದು ಕಳೆದ ವರ್ಷದ ಹಾಗೇ ಇರುವಂತಿಲ್ಲ. ಒಂದು ತಿರುಪೂ ಬದಲಾಗದ ರೇಸು ಕಾರು ಎಂದರೆ ಹೆಚ್ಚಾಗಿ ರೇಸೇ ಓಡದ ಕಾರು.

ನಮ್ಮ ಊರುಗಳ ತೇರನ್ನು ನೆನೆಯಬಹುದು. ಗಾಲಿ ಸವೆದರೆ ಹೊಸ ಗಾಲಿ ಮಾಡಿಸುತ್ತಾರೆ, ಅಚ್ಚು ಮುರಿದರೆ ಹೊಸ ಅಚ್ಚು ಹಾಕಿಸುತ್ತಾರೆ. ಮೂರು ತಲೆಮಾರು ಕಳೆಯುವಷ್ಟರಲ್ಲಿ ಹಳೆಯ ಮರ ಎಷ್ಟು ಉಳಿದಿರುತ್ತದೋ ಯಾರು ಬಲ್ಲರು. ಆದರೂ ಅದು ಅದೇ ತೇರು. ಜಾತ್ರೆ ತಪ್ಪಲಿಲ್ಲ, ತೇರು ಎಳೆಯುವುದು ನಿಲ್ಲಲಿಲ್ಲ, ನಡುವೆ ಎಲ್ಲೂ ಎಳೆ ಕಡಿಯಲಿಲ್ಲ. ನ್ಯಾಯಮೂರ್ತಿ ಆಟನ್ ಅವರ ತರ್ಕವೂ ಹೆಚ್ಚುಕಡಿಮೆ ಇದೇ. ಹೊಸ ಭಾಗಗಳು ಒಮ್ಮೆಗೇ ಬರಲಿಲ್ಲ, ಸ್ವಲ್ಪಸ್ವಲ್ಪವಾಗಿ ಬಂದು ಕಾರಿನಲ್ಲಿ ಬೆರೆತವು. ಯಾವ ಹಂತದಲ್ಲೂ ಕಾರು ತನ್ನ ಗುರುತನ್ನು ಕಳೆದುಕೊಳ್ಳಲಿಲ್ಲ. ಆ ಹೆಸರಿಗೆ ಹಕ್ಕು ಹೂಡಬಲ್ಲ ಇನ್ನೊಂದು ಬೆಂಟ್ಲಿ ಈ ಭೂಮಿಯ ಮೇಲೆ ಇಲ್ಲ. ಮಾರಾಟಕ್ಕಿದ್ದದ್ದು ಬರಿಯ ಲೋಹವಲ್ಲ, ಅದರ ಚರಿತ್ರೆ ಮತ್ತು ಕೀರ್ತಿ ಕೂಡ. ಹೀಗೆ 'ಮೂಲ' ಮತ್ತು 'ಅಸಲಿ' ಎಂಬ ಎರಡು ಮಾತುಗಳನ್ನು ತೀರ್ಪು ಬಿಡಿಸಿಟ್ಟಿತು. 1929ರಲ್ಲಿ ಕಟ್ಟಿದ ರೂಪದಲ್ಲೇ ಉಳಿದಿಲ್ಲವಾದ್ದರಿಂದ ಆ ಕಾರು ಮೂಲವಲ್ಲ. ಆದರೆ ಅಸಲಿ.

ಇಂಥ ಭೇದಗಳನ್ನು ಕೋರ್ಟಿಗಿಂತ ಮೊದಲೇ ಯೋಚಿಸಿದವರಲ್ಲಿ ಇಂಗ್ಲೆಂಡಿನ ಮೋಟಾರು ಪತ್ರಕರ್ತ ಡೆನಿಸ್ ಜೆಂಕಿನ್‌ಸನ್ ಮುಖ್ಯರು. 1955ರ ಇಟಲಿಯ ಮಿಲ್ಲೆ ಮಿಲ್ಯಾ ರೇಸಿನಲ್ಲಿ ಸ್ಟರ್ಲಿಂಗ್ ಮಾಸ್ ಪಕ್ಕದಲ್ಲಿ ಕುಳಿತು ದಾರಿ ತೋರಿಸಿ ಗೆಲ್ಲಿಸಿದವರು ಅವರೇ. ಹಳೆಯ ರೇಸು ಕಾರುಗಳನ್ನು ಅವರು ಮೂಲ, ಅಸಲಿ, ಪುನರ್ನಿರ್ಮಿತ, ಪ್ರತಿಕೃತಿ, ನಕಲಿ ಎಂದೆಲ್ಲ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದರು. ಪ್ರತಿಕೃತಿ ಮಾಡುವುದು ತಪ್ಪಲ್ಲ. ಚೆನ್ನಾಗಿ ಮಾಡಿದ ಪ್ರತಿಕೃತಿಯನ್ನು ಪ್ರತಿಕೃತಿ ಎಂದೇ ಹೇಳಿ ಮಾರಿದರೆ ಅದು ಕುಶಲಕರ್ಮ. ಅದನ್ನೇ ಮೂಲವೆಂದು ಮಾರಿದರೆ ಮೋಸ. ಕಾರಿನಲ್ಲಿ ವ್ಯತ್ಯಾಸವಿಲ್ಲ, ಹೇಳಿಕೆಯಲ್ಲಿದೆ.

ಹೇಳಿಕೆಯನ್ನು ಪರೀಕ್ಷಿಸುವುದು ಹೇಗೆ? ಆರ್.ಸಿ. ಪುಸ್ತಕ ನೋಡಿದ ಎಲ್ಲರಿಗೂ ಷಾಸಿ ನಂಬರು, ಎಂಜಿನ್ ನಂಬರು ಗೊತ್ತು. ಶೋಧನೆ ಅಲ್ಲಿಂದಲೇ ಶುರು, ಆದರೆ ಅಲ್ಲಿಗೇ ಮುಗಿಯುವುದಿಲ್ಲ. ರಿವೆಟ್ ಹೊಡೆದು ಕೂರಿಸಿದ ನಂಬರಿನ ತಗಡನ್ನು ಒಂದು ಕಾರಿನಿಂದ ಕಿತ್ತು ಇನ್ನೊಂದಕ್ಕೆ ಹಾಕಲು ಅರ್ಧ ಗಂಟೆ ಸಾಕು. ರೇಸು ತಂಡಗಳೇ ಹಿಂದೆ ಹೀಗೆ ಮಾಡಿದ್ದುಂಟು. ಒಂದು ಕಾರಿನ ಹೆಸರಿನಲ್ಲಿ ಕಸ್ಟಮ್ಸ್ ಕಾಗದ ಸಿದ್ಧವಿದ್ದು ಆ ಕಾರು ಕೆಟ್ಟು ನಿಂತಿದ್ದರೆ, ಅದರ ನಂಬರನ್ನು ಬೇರೆ ಕಾರಿಗೆ ಹಾಕಿ ಗಡಿ ದಾಟಿಸುತ್ತಿದ್ದರು. ಅಂದು ಅದು ಮೋಸವಲ್ಲ, ಅವಸರದ ಉಪಾಯ. ಮುಂದೆ ಅದೇ ಇತಿಹಾಸಕಾರರಿಗೆ ತಲೆನೋವಾಯಿತು.

ಆದ್ದರಿಂದ ತಜ್ಞರು ತಗಡನ್ನು ಬಿಟ್ಟು ಲೋಹಕ್ಕೇ ಒತ್ತಿದ ಅಂಕಿಗಳನ್ನು ಹುಡುಕುತ್ತಾರೆ. ಅಂಕಿಯ ಆಕಾರ, ಆಳ, ಅದರ ಸುತ್ತ ಹಳೆಯ ಅಂಕಿಯನ್ನು ಉಜ್ಜಿ ತೆಗೆದ ಗುರುತು, ಎಲ್ಲವನ್ನೂ ನೋಡುತ್ತಾರೆ. ನಂತರ ಕಾರ್ಖಾನೆಯ ದಾಖಲೆ: ಯಾವ ದಿನ ಯಾವ ಷಾಸಿಗೆ ಯಾವ ಎಂಜಿನ್ ಕೂರಿಸಿದರು, ಮುಂದೆ ರಿಪೇರಿಗೆ ಬಂದಾಗ ಏನು ಬದಲಿಸಿದರು. ನಂತರ ರೇಸಿನ ಪ್ರವೇಶ ಪಟ್ಟಿ, ಮಾಲೀಕರ ಪತ್ರಗಳು, ಮಾರಾಟದ ರಸೀದಿ. ಕೊನೆಗೆ ಹಳೆಯ ಫೋಟೊಗಳು. ಬಾನೆಟ್ಟಿನ ಮೇಲಿನ ಗಾಳಿಕಿಂಡಿಗಳ ಸಾಲು, ಪೆಟ್ರೋಲ್ ತೊಟ್ಟಿಯ ಮುಚ್ಚಳ ಇರುವ ಜಾಗ, ಕೈಯಲ್ಲಿ ಬಡಿದ ತಗಡಿನ ಒಂದು ಸೊಟ್ಟ ಇವನ್ನೆಲ್ಲ ಭೂತಗನ್ನಡಿ ಹಿಡಿದು ಹೋಲಿಸುತ್ತಾರೆ. ಎಲ್ಲ ಸಾಕ್ಷಿಗಳೂ ಒಂದೇ ಮಾತು ಹೇಳಿದರೆ ನೆಮ್ಮದಿ. ಒಂದು ಸಾಕ್ಷಿ ಅಪಸ್ವರ ಹಾಡಿದರೆ ಅಲ್ಲಿಂದ ಹೊಸ ಹುಡುಕಾಟ.

ನಿಜವಾದ ಗೊಂದಲ ಹುಟ್ಟುವುದು ಕಾರು ಎರಡಾದಾಗ. ತೇರಿನಿಂದ ತೆಗೆದು ಮೂಲೆಗೆ ಹಾಕಿದ ಹಳೆಯ ಗಾಲಿ, ಅಚ್ಚು, ಕಂಬಗಳನ್ನೆಲ್ಲ ಒಬ್ಬರು ಕೂಡಿಸಿ ಇನ್ನೊಂದು ತೇರು ನಿಲ್ಲಿಸಿದರು ಎನ್ನಿ. ಈಗ ಯಾವುದು ಅಸಲಿ? ರೇಸು ಕಾರುಗಳ ಲೋಕದಲ್ಲಿ ಇದು ಕಲ್ಪನೆಯಲ್ಲ. ಅಪಘಾತದಲ್ಲಿ ನುಜ್ಜಾದ ಷಾಸಿಯನ್ನು ತಂಡ ಎಸೆಯುತ್ತದೆ, ಹೊಸ ಷಾಸಿಗೆ ಹಳೆಯ ನಂಬರನ್ನೇ ಕೊಟ್ಟು ಓಡಿಸುತ್ತದೆ. ದಶಕಗಳ ನಂತರ ಎಸೆದ ಷಾಸಿ ಯಾರದೋ ಕೊಟ್ಟಿಗೆಯಲ್ಲಿ ಸಿಗುತ್ತದೆ. ಅದರ ಮೇಲೂ ಒಂದು ಕಾರು ಏಳುತ್ತದೆ. ಒಂದೇ ನಂಬರು, ಇಬ್ಬರು ಮಾಲೀಕರು, ಇಬ್ಬರ ಕೈಯಲ್ಲೂ ಒಂದಷ್ಟು ನಿಜ. ಇಂಥ ಜಗಳದಲ್ಲಿ ಯಾರ ಬಳಿ ಹಳೆಯ ಕಬ್ಬಿಣ ಹೆಚ್ಚಿದೆ ಎಂದು ತೂಗುವುದಕ್ಕಿಂತ, ಯಾವ ಕಾರಿನ ಬದುಕು ಎಳೆ ಕಡಿಯದೆ ಬಂದಿದೆ ಎಂದು ಕೇಳುವುದು ಹೆಚ್ಚು ಉಪಯುಕ್ತ. ಬೆಂಟ್ಲಿ ತೀರ್ಪಿನ ಬೆಲೆ ಇರುವುದೂ ಇಲ್ಲೇ.

ಎಳೆ ಕಡಿಯದ ಚರಿತ್ರೆಗೆ ಎಷ್ಟು ಬೆಲೆ ಎಂಬುದಕ್ಕೆ 2022ರ ಒಂದು ಮಾರಾಟ ಸಾಕ್ಷಿ. 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಊಲೆನ್‌ಹೌಟ್ ಕೂಪೆ 13.5 ಕೋಟಿ ಯೂರೊಗೆ, ಅಂದರೆ ಅಂದಾಜು 1,100 ಕೋಟಿ ರೂಪಾಯಿಗೆ, ಹರಾಜಾಯಿತು. ಕಟ್ಟಿದ್ದು ಎರಡೇ. ಸೋಜಿಗವೆಂದರೆ ಅದು ಒಂದು ರೇಸನ್ನೂ ಓಡಿದ್ದಲ್ಲ. ಆದರೆ ಹುಟ್ಟಿದ ದಿನದಿಂದ ಕಂಪನಿಯ ಮನೆ ಬಿಟ್ಟು ಹೋಗಿರಲಿಲ್ಲ. ಅದರ ಚರಿತ್ರೆಯಲ್ಲಿ ಸಂಶಯಕ್ಕೆ ಒಂದು ದಿನದ ಬಿಡುವೂ ಇರಲಿಲ್ಲ.

ಭಾರತದಲ್ಲಿ 2021ರಲ್ಲಿ ಬಂದ ನಿಯಮ 50 ವರ್ಷ ದಾಟಿದ ವಾಹನಗಳಿಗೆ 'ವಿಎ' ಅಕ್ಷರಗಳ ಪ್ರತ್ಯೇಕ ನೋಂದಣಿ ಕೊಡುತ್ತದೆ. ಷಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಅದರ ಷರತ್ತು. ಈ ಅಳತೆಗೋಲಿನಲ್ಲಿ ಓಲ್ಡ್ ನಂಬರ್ ವನ್ ತೇರ್ಗಡೆಯಾಗುವುದು ಕಷ್ಟ. ನಿಯಮ ತಪ್ಪೆಂದಲ್ಲ. ಮನೆಯ ಮುಂದೆ ನಿಂತೇ ಹಳತಾದ ಕಾರಿಗೆ ಅದು ಸರಿಯಾದ ಅಳತೆ. ಕಾದಾಡಿ ಹಳತಾದ ಕಾರಿಗೆ ಬೇರೆ ಅಳತೆ ಬೇಕು. ಆ ಅಳತೆಗೆ ಲೋಹದಷ್ಟೇ ಕಾಗದವೂ ಬೇಕು. ಹಾಗಾಗಿ ಹಳೆಯ ಕಾರಿನ ಮಾಲೀಕರು ಗ್ಯಾರೇಜಿನ ಬಿಲ್ಲು, ತೆಗೆದಿಟ್ಟ ಹಳೆಯ ಭಾಗ, ಮಸುಕಾದ ಫೋಟೊ ಯಾವುದನ್ನೂ ಬಿಸಾಡಬಾರದು. ಬದಲಿಸಿದ್ದನ್ನು ಬರೆದಿಟ್ಟರೆ ಕಾರಿನ ಮಾನ ಕುಗ್ಗುವುದಿಲ್ಲ. ಮುಚ್ಚಿಟ್ಟರೆ ಕುಗ್ಗುತ್ತದೆ.

ಚರಿತ್ರೆಯನ್ನು ಒಪ್ಪಿಕೊಳ್ಳುವುದೆಂದರೆ ಬೇಕಾದಷ್ಟನ್ನು ಆರಿಸಿಕೊಳ್ಳುವುದಲ್ಲ. ಓಲ್ಡ್ ನಂಬರ್ ವನ್ ಅಸಲಿ ಎಂದು ಹೇಳುವವರು 1929 ಮತ್ತು 1930ರ ಜಯಗಳನ್ನು ಮಾತ್ರ ಇಟ್ಟುಕೊಂಡು 1932ನ್ನು ಬಿಡುವಂತಿಲ್ಲ. ಷಾಸಿಯೂ ಎಂಜಿನ್ನೂ ಬಂದದ್ದು ಆ ವರ್ಷವೇ, ಕ್ಲೈವ್ ಡನ್‌ಫೀ ತೀರಿಕೊಂಡದ್ದೂ ಆ ವರ್ಷವೇ. ಗೆದ್ದದ್ದು ಇದೇ ಕಾರು ಎಂದಾದರೆ, ಅಂಚು ದಾಟಿ ಹಾರಿದ್ದೂ ಇದೇ ಕಾರು.