ಫರಸಿಯ ಆರು ಮುಖಗಳು

ಶಹಾಬಾದಿನ ಕಲ್ಲಿನ ಮೇಲೆ ಕಾಲಿಡದ ಕನ್ನಡಿಗರು ವಿರಳ. ಆದರೆ ನೆಲಕ್ಕೆ ಹಾಸಿದ ಫರಸಿಯಲ್ಲಿ ನಮಗೆ ಕಾಣುವುದು ಒಂದೇ ಮುಖ. ಉಳಿದ ಐದು ಗಾರೆಯೊಳಗೆ ಅಡಗಿರುತ್ತವೆ.

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳ ಸುತ್ತಿನ ಈ ಸುಣ್ಣಕಲ್ಲು ಪದರಪದರವಾಗಿ ಮೈಗೂಡಿದುದು. ಆದುದರಿಂದ ಫರಸಿಯ ಎರಡು ಅಗಲವಾದ ಮುಖಗಳನ್ನು ಪ್ರಕೃತಿಯೇ ಕೊಟ್ಟಿದೆ; ನಾಲ್ಕು ಬದಿಗಳನ್ನು ಮನುಷ್ಯ ಕತ್ತರಿಸಿಕೊಂಡಿದ್ದಾನೆ. ಹೀಗೆ ಆರು ಮುಖಗಳ ಆಯತಘನವಾಯಿತು. ಆರೂ ಸಮನಾದ ಚೌಕಗಳಾಗಿದ್ದರೆ ಅದನ್ನೇ ಘನವೆನ್ನುತ್ತೇವೆ.

ಹಾಗಾದರೆ ಮುಖಗಳನ್ನು ಎಣಿಸಿದರೆ ಸಾಕೇ? ಸಾಲದು. ಒಂದು ಚೌಕದ ಮೇಲೆ ನಾಲ್ಕು ತ್ರಿಕೋನಗಳು ತುದಿಯಲ್ಲಿ ಕೂಡಿದರೆ ಪಿರಮಿಡ್ಡು. ಎರಡು ತ್ರಿಕೋನಗಳ ನಡುವೆ ಮೂರು ಆಯತಗಳು ನಿಂತರೆ ಪಟ್ಟಕ. ಎರಡಕ್ಕೂ ಮುಖಗಳು ಐದೇ. ಎಷ್ಟು ಎಂಬುದರೊಡನೆ ಎಂಥವು, ಹೇಗೆ ಕೂಡಿವೆ ಎಂದೂ ಕೇಳಬೇಕು.

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ, 9ನೆಯ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯರು ಅಗೆತದ ಲೆಕ್ಕಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಬಾಯಿ ಅಗಲವಾಗಿ ತಳ ಕಿರಿದಾದ ಗುಂಡಿಯನ್ನು ಬಾಯೊಂದರಿಂದಲೇ ಅಳೆಯಲಾಗದು. ತಳವನ್ನೂ ಆಳವನ್ನೂ ಲೆಕ್ಕಕ್ಕೆ ತರಬೇಕು.

ನಮ್ಮ ಮಕ್ಕಳಾದರೋ ಘನಾಕೃತಿಗಳನ್ನು ಚಪ್ಪಟೆ ಪುಟದ ಮೇಲೆಯೇ ಕಲಿಯುತ್ತಾರೆ. ಅಲ್ಲಿ ಘನದ ಮೂರು ಮುಖಗಳು ಕಾಣುತ್ತವೆ. ಮಿಕ್ಕ ಮೂರನ್ನು ಉರುಹಚ್ಚುತ್ತಾರೆ. ಅವರ ಕೈಗೊಂದು ಕಲ್ಲಿನ ತುಂಡನ್ನು ಕೊಡಿರಿ, ತಿರುಗಿಸಿ ನೋಡಲಿ. ಫರಸಿ ಕೊಳ್ಳುವ ಜಾಣನೂ ಮೇಲ್ಮೈಯ ನುಣುಪಿಗೆ ಮರುಳಾಗದೆ, ಕಲ್ಲನ್ನೆತ್ತಿ ಬದಿಯ ದಪ್ಪವನ್ನು ನೋಡುತ್ತಾನೆ. ಹಾಸಿದ ಮೇಲೆ ಅದು ಕಾಣಿಸದು.